ಹೊಸ್ತಿಲಿಗೆ ಇಟ್ಟ ಕುಂಕುಮ

ಮುಳಬಾಗಿಲಿನ ಕೆರೆ ಕೆಳಗಿನ ಕೇರಿಯಲ್ಲಿ ಹೂ ಮಾರುವ ಚಿಕ್ಕಗಂಗಮ್ಮನ ಬಾಯಿಗೆ ಹೆದರದವರಿರಲಿಲ್ಲ. ಮೊಳ ಹಾಕುವಾಗ ಅವಳ ಕೈ ಗಿಡ್ಡವಾಗುತ್ತಿತ್ತು, ನಾಲಿಗೆ ಮಾತ್ರ ಉದ್ದ. ಎಪ್ಪತ್ತೊಂಬತ್ತನೇ ಇಸವಿಯ ಮಳೆಗೆ ಗುಡಿಸಲೊಳಗೆ ಸೊಂಟದವರೆಗೆ ನೀರು ನಿಂತ ಮೇಲೆ ಅವಳಿಗೆ ಒಂದೇ ಹಟ: ಊರಾಚೆಯ ದಿಣ್ಣೆಯ ಮೇಲೆ ಪುರಸಭೆ ಕಟ್ಟಿಸಿಕೊಡುವ ಮನೆಗಳಿಗೆ ಕೇರಿಯೆಲ್ಲ ಹೋಗಬೇಕು. ಕೇರಿ ಒಪ್ಪದಿದ್ದರೆ ಮನೆಗಳು ಬೇರೆ ಕೇರಿಯ ಪಾಲು.

ಕೇರಿ ಒಪ್ಪಲಿಲ್ಲ. ಹಿಂದೆ ಪ್ಲೇಗು ಬಂದಾಗ ಊರು ಬಿಟ್ಟವರು ಗುಡಿಸಲು ಹಾಕಿಕೊಂಡದ್ದು ಆ ದಿಣ್ಣೆಯಲ್ಲೇ. ಎಷ್ಟೋ ಜನ ತಿರುಗಿ ಬರಲಿಲ್ಲ. "ನಮ್ಮಕ್ಕ ಸತ್ತಿದ್ದು ಅಲ್ಲೇ. ನಾನಾಗ ತೊಟ್ಟಿಲಲ್ಲಿದ್ದೆ. ಆ ಮಣ್ಣು ತುಳಿಯಲ್ಲ ನಾನು," ಎಂದಳು ಕೇರಿಗೇ ಹಿರಿಯ ಮುತ್ತೈದೆ ಕದಿರಮ್ಮ. ಅವಳು ಒಲ್ಲೆ ಎಂದರೆ ಉಳಿದವರೂ ಒಲ್ಲೆ.

ಮಾದರಿಗೆಂದು ಕಟ್ಟಿದ ಮೊದಲ ಮನೆಯಲ್ಲಿ ತಾನೇ ಹಾಲುಕ್ಕಿಸುತ್ತೇನೆಂದು ಚಿಕ್ಕಗಂಗಮ್ಮ ಹೊರಟಳು. ಮನೆಮನೆಗೂ ಹೋಗಿ ಕುಂಕುಮ ಇಟ್ಟು ಕರೆದಳು. ಕದಿರಮ್ಮ ಹಣೆ ಕೊಡಲೇ ಇಲ್ಲ, ಕದ ಹಾಕಿಕೊಂಡಳು. ಸಿಟ್ಟಿನಲ್ಲೇ ದಿಣ್ಣೆ ಹತ್ತಿದ ಚಿಕ್ಕಗಂಗಮ್ಮನಿಗೆ ಹೊಸ ಮನೆಯ ಪಕ್ಕದ ಬಯಲಲ್ಲಿ ಪ್ಲೇಗಿನ ಕಾಲದ ಗುಡಿಸಲಿನ ಹೊಸ್ತಿಲ ಕಲ್ಲೊಂದು ಕಂಡಿತು.

ಬೀಗ ಹಾಕಿದ ಮನೆಯಾದರೆ ಹೊಸ್ತಿಲಿಗೇ ಕುಂಕುಮವಿಟ್ಟು ಕರೆದು ಬರುವುದು ರೂಢಿ. ಕೈ ತನ್ನಷ್ಟಕ್ಕೆ ಮುಂದಾಯಿತು. "ಪಕ್ಕದ ಮನೆಯೋರು ನೀವು. ಎಲ್ಲಾರೂ ಬನ್ನಿ, ನಮ್ ಕೇರಿಯೋರ್ನೂ ಕರ್ಕೊಂಡು ಬನ್ನಿ," ಎಂದಳು. ಅಂದದ್ದು ಕುಚೋದ್ಯಕ್ಕೆ. ಆದರೆ ಎಲೆಯೂ ಅಲುಗದ ಆ ಮಧ್ಯಾಹ್ನ ಬೆನ್ನು ತಣ್ಣಗಾಯಿತು. ಹಿಂದಿರುಗಿ ನೋಡದೆ ಇಳಿದಳು.

ಮರುದಿನ ಹಾಲು ಒಲೆಯ ಮೇಲಿತ್ತು. ಯಾರೂ ಬರುವುದಿಲ್ಲವೆಂದು ಅವಳು ಕಣ್ಣೊರೆಸಿಕೊಳ್ಳುತ್ತಿದ್ದಾಗ ಕೇರಿಗೆ ಕೇರಿಯೇ ದಿಣ್ಣೆ ಹತ್ತಿ ಬಂತು. ಎಲ್ಲರಿಗಿಂತ ಮುಂದೆ ಕದಿರಮ್ಮ.

"ನೀನ್ ಕಳಿಸಿದ ಹೆಂಗಸು ಬಿಡಬೇಕಲ್ಲ ಕಣೇ! ಬೆಳಿಗ್ಗೇನೇ ಮನೆಮನೆಗೂ ಬಂದು ಕರೆದ್ಲು. ಇನ್ನೂ ಎಳೇ ಪ್ರಾಯ. 'ರಾವೇ ಚೆಲ್ಲೀ, ರಾವೇ ಚೆಲ್ಲೀ' ಅಂತ ನಮ್ಮನೆ ತೆಲುಗಲ್ಲೇ ಕರೆದು, ಈ ಬೊಚ್ಚುಬಾಯಿ ಮುದುಕೀನ ತಂಗಿ ಮಾಡ್ಕೊಂಡ್ಲು!" ಕದಿರಮ್ಮ ನಕ್ಕಳು. "ಒಳಗೆ ಬಾ ಅಂದ್ರೆ ಹೊಸ್ತಿಲು ದಾಟ್ಲಿಲ್ಲ. ಯಾರೇ ಅವ್ಳು?"

ಚಿಕ್ಕಗಂಗಮ್ಮ ಯಾರನ್ನೂ ಕಳಿಸಿರಲಿಲ್ಲ. ಅದನ್ನು ಹೇಳಿದರೆ ಕೇರಿ ಬಂದ ದಾರಿಯಲ್ಲೇ ಇಳಿದುಹೋಗುತ್ತದೆ, ಮುಂದಿನ ಮಳೆಗೆ ಮತ್ತೆ ಸೊಂಟದ ನೀರು. ಜೀವಮಾನದಲ್ಲಿ ಮೊದಲ ಸಲ ಆ ನಾಲಿಗೆ ತಡವರಿಸಿತು.

"ಪಕ್ಕದ ಮನೆಯೋಳು," ಎಂದಳು.

ಹಾಲು ಉಕ್ಕಿತು. ಕದಿರಮ್ಮ ಬಾಗಿಲಿಗೆ ಬಂದು ಪಕ್ಕದ ಖಾಲಿ ಬಯಲನ್ನೂ, ಕುಂಕುಮ ಹತ್ತಿದ ಕಲ್ಲನ್ನೂ ಬಹಳ ಹೊತ್ತು ನೋಡಿದಳು. ನಗು ಇಳಿದುಹೋಗಿತ್ತು. ಆಮೇಲೆ ಚಿಕ್ಕಗಂಗಮ್ಮನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದಳು:

"ಹಂಗಾದ್ರೆ ನಂಗೂ ಆ ಕಲ್ಲಿನ ಪಕ್ಕಾನೇ ಮನೆ ಕೊಡ್ಸು. ಅಕ್ಕ ಒಬ್ಳೇ ಇದಾಳೆ."