ನೀರು ಕಾಣದ ಜೋಳಿಗೆ

ಚಿಮ್ಮಡದ ಸಿದರಾಯ ಕಂಬಳಿ ನೇಯುವವನು. ಹೊಸದಾಗಿ ಏನು ನೇಯ್ದರೂ ಮೊದಲನೆಯದನ್ನು ಯಾರೂ ಬಳಸದೆ ಬೀರಪ್ಪನ ಗುಡಿಗೆ ಕೊಡುವುದು ಅವರ ಮನೆಯ ಪದ್ಧತಿ. ಕಂಬಳಿಯ ಮಟ್ಟಿಗೆ ಅದರಿಂದ ತೊಂದರೆ ಇರಲಿಲ್ಲ. ಅದು ಹೇಗೆ ಬಾಳುತ್ತದೆಂದು ಅಜ್ಜನ ಕಾಲದಿಂದಲೂ ಗೊತ್ತಿತ್ತು.

ಊರು ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ವರ್ಷಗಳವು. ಹೆಂಡತಿ ಸಾತವ್ವ ಹಿಂಡಿನ ಜೊತೆ ಹೋಗುವಾಗ ಎಳೆ ಕುರಿಮರಿಗಳನ್ನು ಎರಡೂ ಕಂಕುಳಲ್ಲಿ ಹೊರುತ್ತಿದ್ದಳು. ಒಂದು ಕೈಯಾದರೂ ಖಾಲಿ ಇದ್ದರೆ ಸಾಕು ಎಂದು ಒಮ್ಮೆ ಅಂದಿದ್ದಳು. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಸಿದರಾಯ ಮರಿ ಹೊರಲು ಬೆನ್ನಿಗೆ ಹಾಕುವ ಎರಡು ಜೋಳಿಗೆ ನೇಯ್ದ, ಮೊದಲನೆಯದು ಗುಡಿಗೆ, ಎರಡನೆಯದು ಅವಳಿಗೆ. ಪಟ್ಟಿಯೂ ಉಣ್ಣೆಯದೇ. ಹುಣಸೆಬೀಜದ ಗಂಜಿ ಕುಡಿದ ಪಟ್ಟಿ ಹಲಗೆಯಂತೆ ಬಿಗಿಯಾಗಿ ನಿಂತಿತು.

"ನೀರಾಗ ಅದ್ದಿ ನೋಡೀರೇನು?" ಎಂದಳು ಸಾತವ್ವ.

"ದೇವರಿಗೆ ಕೊಡೂದನ್ನ ಅದ್ದತಾರೇನ ಲೇ, ಹುಚ್ಚಿ?"

"ನನಗ ಕೊಡೂದು ಎರಡನೇದ್ದಲ್ಲ? ಅದನ್ನರ ಅದ್ದರಿ."

"ಬೀರಪ್ಪ ಮೊದಲನೇದ್ದು ಬ್ಯಾಡ ಅಂದಿಲ್ಲ. ಇನ್ನೇನ ನೋಡೂದೈತಿ?"

ಮುಧೋಳದ ಹತ್ತಿರ ಹಿಂಡು ಘಟಪ್ರಭೆಯನ್ನು ದಾಟುವಾಗ ನೀರು ಸೊಂಟದ ಮಟ್ಟಕ್ಕಿತ್ತು. ಗಂಜಿ ಕರಗಿ, ಪಟ್ಟಿ ಹಿಗ್ಗಿ, ಎರಡು ಮರಿಗಳಿದ್ದ ಜೋಳಿಗೆ ಸೆಳವಿಗೆ ಜಾರಿತು. ಒಂದು ಮರಿ ಸಾತವ್ವನ ಕೈಗೆ ಸಿಕ್ಕಿತು. ತಾಯಿ ಸತ್ತಿದ್ದರಿಂದ ಅವಳೇ ಬೆರಳು ಚೀಪಿಸಿ ಹಾಲು ಕುಡಿಸಿದ್ದ ಕರಿಮರಿ ಸಿಗಲಿಲ್ಲ.

ಮನೆಗೆ ಬಂದವಳು ಬೈಯಲಿಲ್ಲ. "ಕೈ ಖಾಲಿ ಇತ್ತು ನೋಡ್ರಿ. ಒಂದನ್ನ ಹಿಡದೆ," ಎಂದಳು.

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಎಂದು ಸಿದರಾಯನಿಗೆ ಅನಿಸಿತು. ಮರುದಿನ ಗುಡಿಗೆ ಹೋಗಿ, ಮೊದಲ ಜೋಳಿಗೆಯನ್ನು ನೀರಿಗೆ ಹಾಕಲು ಪೂಜಾರಿ ಮಲಕಾಜಪ್ಪನ ಅಪ್ಪಣೆ ಕೇಳಿದ.

"ಮುಟ್ಟಬ್ಯಾಡ ಅಂದಾಂವ ನಿಮ್ಮ ಮುತ್ಯಾ, ದೇವರಲ್ಲ. ಒಯ್ಯಿ," ಎಂದ ಮಲಕಾಜಪ್ಪ.

ಮರಿಯ ತೂಕದ ಎರಡು ಕಲ್ಲು ಹಾಕಿ ಕುರಿಗಳು ನೀರು ಕುಡಿಯುವ ಕಲ್ಲುದೋಣಿಯಲ್ಲಿ ಅದ್ದಿ, ಗೂಟಕ್ಕೆ ತೂಗುಹಾಕಿದ. ಬಾಯಲ್ಲಿದ್ದ ಎಲೆ ಅಡಿಕೆ ಇನ್ನೂ ಜಗಿದು ಮುಗಿದಿರಲಿಲ್ಲ, ಪಟ್ಟಿ ಒಂದು ಗೇಣು ಇಳಿದಿತ್ತು. ತಿಳಿಯಲು ಬೇಕಾಗಿದ್ದುದು ಅಷ್ಟೇ ಹೊತ್ತು.

ಆಮೇಲೆ ಪುಂಡಿನಾರಿನ ಪಟ್ಟಿ ಹಾಕಿ, ಮೂರು ಜೋಳಿಗೆಗಳನ್ನು ನೆನೆಸಿ, ಎಳೆದು, ಕೆಡಿಸಿದ. ನಾಲ್ಕನೆಯದು ಜಗ್ಗಲಿಲ್ಲ. ತೇರದಾಳದ ಕುರಿಗಾರರೂ ಅಂಥದ್ದನ್ನೇ ನೇಯಿಸಿಕೊಂಡು ಹೋದರು. ಸಾತವ್ವ ತನ್ನದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಛಲೋ ಆಗೇತ್ರಿ," ಎಂದು, ಕರಿಮರಿಗೆ ಚೀಪಿಸಿದ್ದ ಬೆರಳನ್ನು ಪಟ್ಟಿಯ ಮೇಲೆ ಒಮ್ಮೆ ಆಡಿಸಿ, ಅದನ್ನು ಗೂಟಕ್ಕೆ ಸಿಕ್ಕಿಸಿ, ಎರಡೂ ಕಂಕುಳಲ್ಲಿ ಮರಿಗಳನ್ನು ಅವುಚಿಕೊಂಡು ಹಿಂಡಿನ ಹಿಂದೆ ನಡೆದಳು.