ಎಲ್ಲಿಗೆ ಅಂತ ಕೇಳಬಾರದು

ನಾಗರಬಾವಿಯ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಭಾನುವಾರ ಬೆಳಿಗ್ಗೆ ನೋವಿನ ಮುಲಾಮಿನ ವಾಸನೆ ಘಮ್ಮಂತ ಹಿಡಿದುಕೊಂಡಿರುತ್ತೆ. ಯಾರೋ ನನ್ನ ವಯಸ್ಸಿನವರು ಮೊಣಕಾಲಿಗೆ ಉಜ್ಜಿಕೊಂಡು ಇಳಿದಿರಬೇಕು ಅಂತ ಮೊದಮೊದಲು ಅಂದುಕೊಂಡಿದ್ದೆ. ಅಲ್ಲವಂತೆ, ಅದು ಆರೋಗ್ಯದ ವಾಸನೆಯಂತೆ. ನಮ್ಮ ಬ್ಲಾಕಿನ ಹುಡುಗ ಹುಡುಗಿಯರು, ಜೊತೆಗೆ ಐವತ್ತರ ಹತ್ತಿರದ ಒಂದಷ್ಟು ಹುಡುಗರು, ದುಡ್ಡು ಕಟ್ಟಿ ಓಡುತ್ತಾರೆ. ಓಡುವುದಕ್ಕೆ ದುಡ್ಡು ಕೊಡುವವರನ್ನು ನಾನು ನೋಡಿದ್ದು ಈಗಲೇ. ಓಡಿ ಸಂಬಳ ತೆಗೆದುಕೊಳ್ಳುತ್ತಿದ್ದವನೊಬ್ಬನನ್ನು ಮಾತ್ರ ಚೆನ್ನಾಗಿ ಬಲ್ಲೆ. ಅವನ ವಿಷಯ ಹೇಳುತ್ತೇನೆ, ಕೂತುಕೊಳ್ಳಿ. ಕೂರುವುದರಲ್ಲಿ ನನಗೆ ಒಳ್ಳೆಯ ಅನುಭವ ಇದೆ.

ಎಂಬತ್ತರ ದಶಕ. ರಾಜಾಜಿನಗರದ ನಮ್ಮ ಮನೆಯ ಹಿಂದಿನ ಔಟ್‌ಹೌಸಿಗೆ ಹನುಮಂತರಾಜು ಬಾಡಿಗೆಗೆ ಬಂದ. ಕುಣಿಗಲ್ ಕಡೆಯವನು, ನನಗಿಂತ ಮೂರು ವರ್ಷ ದೊಡ್ಡವನು, ಹಾಗಾಗಿ ರಾಜಣ್ಣ. ನಮ್ಮಪ್ಪ ಕೆಲಸ ಮಾಡುತ್ತಿದ್ದ ಫ್ಯಾಕ್ಟರಿಯಲ್ಲೇ ಅವನನ್ನು ಸ್ಪೋರ್ಟ್ಸ್ ಕೋಟಾದಲ್ಲಿ ಟೆಂಪರರಿ ಅಂತ ತೆಗೆದುಕೊಂಡಿದ್ದರು. ಕಾಗದದ ಮೇಲೆ ಹೆಲ್ಪರ್. ನಿಜವಾದ ಕೆಲಸ ಫ್ಯಾಕ್ಟರಿ ಹೆಸರು ಬರೆದ ಬನಿಯನ್ ಹಾಕಿಕೊಂಡು ಊರೂರಿನ ರಸ್ತೆ ಓಟಗಳಲ್ಲಿ ಓಡುವುದು.

ಇದು ನಮ್ಮ ಬೀದಿಗೆ ಜೀರ್ಣವಾಗಲೇ ಇಲ್ಲ. ಅಲ್ಲಿದ್ದವರೆಲ್ಲ ಕೂತು ಸಂಬಳ ತೆಗೆದುಕೊಳ್ಳುವ ಮರ್ಯಾದಸ್ಥರು. "ನಾನೂ ದಿನಾ ಬಸ್ ಹಿಂದೆ ಓಡ್ತೀನಲ್ಲಪ್ಪ, ನನಗ್ಯಾವ ಪುಣ್ಯಾತ್ಮ ಸಂಬಳ ಕೊಡ್ತಾನೆ?" ಅಂತ ಎದುರು ಮನೆಯ ಗುಮಾಸ್ತರು ದಿನಕ್ಕೊಂದು ಸಲವಾದರೂ ಕೇಳುತ್ತಿದ್ದರು. ಬೆಳಗಿನ ಜಾವ ಚಡ್ಡಿಯಲ್ಲಿ ಓಡುತ್ತಿದ್ದವನನ್ನು ಬೀಟ್ ಪೊಲೀಸಪ್ಪ ಎರಡು ಸಲ ಹಿಡಿದು ನಿಲ್ಲಿಸಿ, ಯಾರ ಮನೆಯಿಂದ ಓಡಿ ಬರ್ತಿದೀಯ ಅಂತ ವಿಚಾರಿಸಿದ್ದ. ಫ್ಯಾಕ್ಟರಿಯಲ್ಲಿ ಸ್ಪೋರ್ಟ್ಸ್ ನೋಡಿಕೊಳ್ಳುತ್ತಿದ್ದ ಆಫೀಸರಂತೂ ಪಕ್ಕದ ಕ್ಯಾಂಟೀನಿಗೂ ನಡೆದು ಹೋದವರಲ್ಲ. ಕುರ್ಚಿಯಲ್ಲೇ ಒರಗಿಕೊಂಡು "ಸ್ಟಾಮಿನಾ ಬೇಕಯ್ಯ, ಸ್ಟಾಮಿನಾ" ಅನ್ನೋರು, ಆಮೇಲೆ ಟೀ ತರಿಸಿಕೊಳ್ಳೋರು.

ಸ್ಟಾಮಿನಾ ಮೊಟ್ಟೆಯಿಂದ ಬರಬೇಕಿತ್ತು, ಮನೆ ಕೊಡುವಾಗಲೇ ಅಮ್ಮ ಮೊಟ್ಟೆ ಕೂಡದು ಅಂದಿದ್ದಳು. ರಾಜಣ್ಣ ಕಿಟಕಿ ಮುಚ್ಚಿ ಬೇಯಿಸಿ, ಸಿಪ್ಪೆಯನ್ನು ಕರಿಬೇವಿನ ಗಿಡದ ಬುಡದಲ್ಲಿ ಹೂತುಬಿಡುತ್ತಿದ್ದ. ಆ ವರ್ಷ ಕರಿಬೇವು ಹೇಗೆ ಚಿಗುರಿತು ಅಂತೀರಿ. ಅಮ್ಮ ಬೀದಿಗೆಲ್ಲ ಹಂಚಿ, ಎಲ್ಲಾ ನನ್ನ ಕೈಗುಣ ಅಂತ ಹೇಳಿಕೊಂಡು ಓಡಾಡಿದಳು.

ರಾಜಣ್ಣನಿಗೆ ದುರಭ್ಯಾಸ ಒಂದೂ ಇರಲಿಲ್ಲ, ನೇಮ ಒಂದಿತ್ತು. ಮನೆಯಿಂದ ಹೊರಟವರನ್ನು "ಎಲ್ಲಿಗೆ" ಅಂತ ಕೇಳಬಾರದು, ಹೋದ ಕೆಲಸ ಕೆಡುತ್ತೆ ಅನ್ನೋದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕೇಳಲೇಬೇಕಾದರೆ "ದೂರ ಹೊರಟ್ರಾ?" ಅನ್ನಬೇಕು. ನಮ್ಮಮ್ಮ ದಿನಾ ಹಾಗೇ ಕೇಳುತ್ತಿದ್ದಳು, ಅವನು "ದೂರಾನೇ ಕಣಮ್ಮ" ಅಂತ ನಗುತ್ತಾ ಹೋಗುತ್ತಿದ್ದ. ಯಾರಾದರೂ ಬಾಯಿ ತಪ್ಪಿ "ಎಲ್ಲಿಗೆ" ಅಂದರೋ, ಕಥೆ ಮುಗಿಯಿತು. ಕೇಳಿದ ಜಾಗಕ್ಕೇ ವಾಪಸ್ ಬಂದು, ಅಲ್ಲೇ ಕೂತು, ಒಂದು ಗುಟುಕು ನೀರು ಕುಡಿದು, ಮತ್ತೆ ಹೊರಡಬೇಕು. ಒಂದು ಸಲ ಹೊರಡುವಾಗ ಯಾರೋ ಕೇಳಿಬಿಟ್ಟಿದ್ದರು, ಬಸವೇಶ್ವರನಗರ ಮುಟ್ಟಿದ್ದವನು ಅಷ್ಟಕ್ಕೇ ಮನೆವರೆಗೆ ವಾಪಸ್ ಓಡಿ ಬಂದು ನೀರು ಕುಡಿದು ಹೋಗಿದ್ದ.

"ಇದೆಲ್ಲ ಮೂಢನಂಬಿಕೆ ರಾಜಣ್ಣ," ಅಂದೆ ನಾನು. ಡಿಪ್ಲೊಮಾ ಓದಿದವನಲ್ಲವೇ.

"ಇರಬಹುದು ಕಣೋ. ಆದ್ರೆ ಓಡೋವಾಗ ಅದೇ ಕೊರೀತಾ ಇರುತ್ತೆ. ಶೂ ಒಳಗೆ ಕಲ್ಲು ಸೇರಿದ ಹಾಗೆ. ಕೂತು ನೀರು ಕುಡಿದ್ರೆ ಹೋಗುತ್ತೆ."

ಆ ಡಿಪ್ಲೊಮಾ ಹಿಡಿದುಕೊಂಡು ನಾನು ಎರಡು ವರ್ಷದಿಂದ ಮನೆಯಲ್ಲಿದ್ದೆ. ಹೊತ್ತುಹೊತ್ತಿಗೆ ಊಟ, ಮಿಕ್ಕ ಹೊತ್ತಿನಲ್ಲಿ ಪ್ರಪಂಚಕ್ಕೆ ಬುದ್ಧಿವಾದ. ಅಪ್ಪ ತಟ್ಟೆ ಮುಂದೆ ಕೂತಾಗಲೇ ಶುರುಮಾಡೋರು. "ಅವನು ಬರೀ ಕಾಲಿಟ್ಕೊಂಡು ಸಂಪಾದಿಸ್ತಾ ಇದಾನೆ. ನೀನು ತಲೆ ಇಟ್ಕೊಂಡು ಏನ್ ಕಡಿದು ಕಟ್ಟೆ ಹಾಕ್ದೆ?" ಅಪ್ಪನ ಮೇಲೆ ಬರಬೇಕಾದ ಕೋಪ ರಾಜಣ್ಣನ ಮೇಲೆ ಬರುತ್ತಿತ್ತು. ಹೊಟ್ಟೆಕಿಚ್ಚು ಅಂತ ಈಗ ಹೇಳಬಲ್ಲೆ, ಆಗ ಅದಕ್ಕೆ ವೈಚಾರಿಕತೆ ಅಂತ ಹೆಸರಿಟ್ಟುಕೊಂಡಿದ್ದೆ.

ಆಮೇಲೆ ಆ ಓಟ ಬಂತು. ಫ್ಯಾಕ್ಟರಿಯವರೇ ಇಟ್ಟಿದ್ದು, ಕೋಟಾದಲ್ಲಿ ಬಂದ ಟೆಂಪರರಿಗಳಿಗೆ. ರಾಜಾಜಿನಗರದಿಂದ ಮಾಗಡಿ ರೋಡ್ ಹಿಡಿದು ಬ್ಯಾಡರಹಳ್ಳಿವರೆಗೆ ಹೋಗಿ ವಾಪಸ್ ಬರಬೇಕು. ಮೊದಲು ಬಂದ ಮೂರು ಜನ ಪರ್ಮನೆಂಟ್, ಉಳಿದವರು ಅವರವರ ಊರಿಗೆ. ರಾಜಣ್ಣನಿಗೆ ಊರಲ್ಲಿ ಹೆಣ್ಣು ಗೊತ್ತಾಗಿತ್ತು. ಹುಡುಗಿಯ ಅಪ್ಪ, "ಪರ್ಮನೆಂಟ್ ಆರ್ಡರ್ ತೋರಿಸಪ್ಪ, ಮಗಳನ್ನ ಕರ್ಕೊಂಡು ಹೋಗು" ಅಂದುಬಿಟ್ಟಿದ್ದ. ಹಿಂದಿನ ದಿನ ರಾಜಣ್ಣ ಊಟ ಬಿಟ್ಟು ನಮ್ಮ ಜಗಲಿ ಮೇಲೆ ಕೂತಿದ್ದ. "ಇದೊಂದು ಆಗಿಹೋದ್ರೆ ಸಾಕು ಕಣೋ," ಅಂದ.

ನಾನು ಸೈಕಲ್ ತುಳಿದುಕೊಂಡು ಹೋಗಿ ಕಾಮಾಕ್ಷಿಪಾಳ್ಯದ ಹತ್ತಿರ ಒಂದು ಟೀ ಅಂಗಡಿ ಮುಂದೆ ನಿಂತೆ. ವಾಪಸ್ ಬರುವವರಲ್ಲಿ ರಾಜಣ್ಣ ಎರಡನೆಯವನು. ಉಸಿರು ಹದವಾಗಿತ್ತು, ಹಿಂದಿನವರು ಒಂದಷ್ಟು ದೂರದಲ್ಲಿದ್ದರು. ನನ್ನನ್ನು ಕಂಡು ಮುಖ ಅರಳಿತು. ಹುರಿದುಂಬಿಸಲು ಬಂದಿದ್ದಾನೆ ಅಂದುಕೊಂಡಿರಬೇಕು.

"ಏನ್ ರಾಜಣ್ಣ, ಎಲ್ಲಿಗೆ?" ಅಂದೆ.

ಟೀ ಕುಡಿಯುತ್ತಿದ್ದವರು ಗೊಳ್ಳೆಂದು ನಕ್ಕರು. ರಾಜಣ್ಣ ಹತ್ತು ಹೆಜ್ಜೆ ಓಡಿದ, ಕಾಲು ನಿಧಾನವಾಯಿತು, ತಿರುಗಿ ಬಂದ. ಅಂಗಡಿಯ ಬೆಂಚಿನ ಮೇಲೆ ಕೂತ. ಲೋಟದಲ್ಲಿ ನೀರು ತೆಗೆದುಕೊಂಡು, ಒಂದೇ ಗುಟುಕು ಕುಡಿದ. ನನ್ನ ಕಡೆ ನೋಡಲಿಲ್ಲ. ಅವನು ಎದ್ದು ರಸ್ತೆಗೆ ಇಳಿಯುವಷ್ಟರಲ್ಲಿ ಇಬ್ಬರು ದಾಟಿಹೋಗಿದ್ದರು. ಎದ್ದವನು ಹೇಗೆ ಓಡಿದ ಅನ್ನೋದನ್ನು ನಾನು ಸೈಕಲ್ಲಿನಲ್ಲಿ ಹಿಂದೆಯೇ ಹೋಗಿ ನೋಡಿದ್ದೇನೆ. ಓಟ ಮುಗಿಯುವ ಫ್ಯಾಕ್ಟರಿ ಗೇಟಿನ ಹತ್ತಿರ ಮೂರನೆಯವನ ಬೆನ್ನಿಗೆ ಕೈ ತಾಗುವಷ್ಟು ಸಮೀಪ ಬಂದಿದ್ದ. ನಾಲ್ಕನೆಯವನಾದ.

"ಸ್ಟಾಮಿನಾ ಸಾಲದು," ಅಂದರಂತೆ ಆಫೀಸರು. ಸಂಜೆ ಬೀದಿಯವರೆಲ್ಲ ಏನಾಯ್ತು ಅಂತ ವಿಚಾರಿಸಿದರು. "ಹೊಟ್ಟೆ ಹಿಡ್ಕೊಂಡ್ಬಿಡ್ತು," ಅಂದ ರಾಜಣ್ಣ. ಅಮ್ಮ ಮಜ್ಜಿಗೆ ಕೊಟ್ಟಳು. ನಾನು ಅಲ್ಲೇ ನಿಂತಿದ್ದೆ, ಅವನು ನನ್ನ ಹೆಸರು ಎತ್ತಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ತಿಂಗಳಾಗುವಷ್ಟರಲ್ಲಿ ಟ್ರಂಕು ಎತ್ತಿಕೊಂಡು ಊರಿಗೆ ಹೋದ. ಆ ಹುಡುಗಿಯನ್ನು ಬೇರೆ ಕಡೆ ಕೊಟ್ಟರಂತೆ.

ಬಾಯಿ ತಪ್ಪಿ ಬಂತು ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಶುದ್ಧ ಸುಳ್ಳು. ರಾಜಾಜಿನಗರದಿಂದ ಕಾಮಾಕ್ಷಿಪಾಳ್ಯದವರೆಗೆ ಆ ಮಾತನ್ನು ಬಾಯಲ್ಲಿಟ್ಟುಕೊಂಡೇ ಸೈಕಲ್ ತುಳಿದಿದ್ದೆ.

ಹೋದ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನವರ ಓಟ. ಹಿರಿಯರು ಅಂತ ನನ್ನ ಕೈಗೆ ಬಾವುಟ ಕೊಟ್ಟು, ಆ ಕಾಲದ ಓಟದ ಬಗ್ಗೆ ಎರಡು ಮಾತಾಡಿ ಅಂಕಲ್ ಅಂದರು. ಏನೇನೋ ಬುದ್ಧಿವಾದ ಸಿದ್ಧಮಾಡಿಕೊಂಡು ಹೋಗಿದ್ದೆ. ಮೈಕ್ ಹಿಡಿದ ಮೇಲೆ ಇದನ್ನೇ ಹೇಳಿಬಿಟ್ಟೆ, ನಾನು ಕೇಳಿದ್ದು, ಬೇಕಂತಲೇ ಕೇಳಿದ್ದು, ಅವನು ಬೆಂಚಿನ ಮೇಲೆ ಕೂತದ್ದು. ಕೂತ ಅಂದಾಗ ಎಲ್ಲರೂ ನಕ್ಕರು. ಮುಗಿಸಿದಾಗ ಜೋರಾಗಿ ಚಪ್ಪಾಳೆ ತಟ್ಟಿದರು. ಸೂಪರ್ ಕಾಮಿಡಿ ಅಂಕಲ್ ಅಂದ ಒಬ್ಬ.

ಮುಂದೆ ನಿಂತಿದ್ದ ಒಬ್ಬಳು ಹುಡುಗಿ ಮಾತ್ರ ನಗದೆ, "ಆಮೇಲೆ ಅವರಿಗೆ ಕೆಲಸ ಸಿಕ್ತಾ ಅಂಕಲ್?" ಅಂದಳು.

"ಇಲ್ಲಮ್ಮ," ಅಂದೆ. "ನನಗೆ ಸಿಕ್ತು. ಅದೇ ಫ್ಯಾಕ್ಟರೀಲಿ, ನೌಕರರ ಮಕ್ಕಳ ಕೋಟಾದಲ್ಲಿ. ನಾನು ಯಾವತ್ತೂ ಓಡಲೇ ಇಲ್ಲ."