ಮೂರು ಎಮ್ಮೆ, ಮೂರು ಅಂಕ

ಊಟಕ್ಕೆ ಕೂತಾಗಲೂ ಕೊರಳಿನ ಅಳತೆ ಟೇಪು ತೆಗೆಯದ ಗಂಡಸನ್ನು ನೀವು ಕಂಡಿದ್ದೀರೇನು? ಎಲ್ಲಿ ಕಾಣುತ್ತೀರಿ, ರೆಡಿಮೇಡ್ ಹಾಕುವ ಮಂದಿ! ನಮ್ಮ ಮಾದನಹಿಪ್ಪರಗಾದ ದರ್ಜಿ ಚಾಚಾನ ಟೇಪಿನ ತುದಿಗೆ ಸಾರಿನ ಅರಿಶಿನ ಹತ್ತಿತ್ತು. ಮೊದಲ ಹತ್ತು ಇಂಚಿನ ಅಂಕಿಗಳು ಅಳಿಸಿಹೋಗಿದ್ದವು. ಆದರೂ ಅವನ ಹೆಬ್ಬೆರಳು ಕಾಲಿಂಚು ತಪ್ಪುತ್ತಿರಲಿಲ್ಲ.

ಚಾಚಾನಿಗೆ ಫುಟ್‌ಬಾಲ್ ಹುಚ್ಚು. ಸುತ್ತಲ ಊರುಗಳ ಪಂದ್ಯಾವಳಿಗೆ ಅವನೇ ಹಿರಿಯ. ಒಮ್ಮೆ ಒಬ್ಬ ಗುತ್ತಿಗೆದಾರ ತನ್ನೂರ ತಂಡಕ್ಕೆ ಸೊಲ್ಲಾಪುರದಿಂದ ಆಟಗಾರರನ್ನು ಬಾಡಿಗೆಗೆ ತಂದು ಎರಡು ವರ್ಷ ಗೆದ್ದ. ಆಮೇಲೆ ಬೇಸರವಾಗಿ ಕೈಬಿಟ್ಟ. ಅಷ್ಟರಲ್ಲಿ ಆ ಊರ ಹುಡುಗರು ಆಟವನ್ನೇ ಮರೆತಿದ್ದರು. ಅದು ಚಾಚಾನಿಗೆ ಚುಚ್ಚಿತು. ಗಳಿಸಿದ್ದಕ್ಕಿಂತ ಹೆಚ್ಚು ಖರ್ಚು ಮಾಡಿದ ಪರದೇಶದ ಕ್ಲಬ್ಬುಗಳ ಅಂಕ ಕತ್ತರಿಸುತ್ತಾರೆಂದು ಪೇಪರಿನಲ್ಲಿ ಓದಿದವನು ಆ ನಿಯಮವನ್ನೇ ನಮಗೂ ತಂದ. ಊರಿಗೊಂದು ಜೋಳಿಗೆ ಹೊಲಿದುಕೊಟ್ಟ. ಜೋಳಿಗೆಗೆ ಬಿದ್ದ ವಂತಿಗೆಯಷ್ಟೇ ತಂಡದ ಖರ್ಚು. ಒಬ್ಬರು ನೂರು ರೂಪಾಯಿ ಮೀರಬಾರದು, ಕೊಟ್ಟವರ ಹೆಸರು ಬರೆಯಬೇಕು, ಒಂದು ಸುಳ್ಳು ಹೆಸರಿಗೆ ಒಂದು ಅಂಕ ಕಡಿತ. ನಮ್ಮ ತಂಡದ ಅಂಗಿ ಹೊಲಿದದ್ದಕ್ಕೂ ಕೂಲಿ ತೆಗೆದುಕೊಂಡ. ಬಿಟ್ಟಿ ಹೊಲಿದರೆ ಅದೂ ವಂತಿಗೆಯ ಲೆಕ್ಕಕ್ಕೆ ಬರುತ್ತದಂತೆ!

ನಮ್ಮ ಗೋಲ್‌ಕೀಪರ್ ನನ್ನ ಮೊಮ್ಮಗ. ಬರಿಗೈಯಲ್ಲಿ ಚೆಂಡು ಹಿಡಿದು ಅಂಗೈ ಸುಲಿದಿತ್ತು. ಕೈಗವಸಿಗೆ ಮುನ್ನೂರು ಕಡಿಮೆ ಬಿತ್ತು, ನನ್ನ ನೂರಂತೂ ಮುಗಿದಿತ್ತು. ಹಾಲಿನ ದುಡ್ಡು ಡಬ್ಬಿಯಲ್ಲಿತ್ತು. ಹಾಲು ಕೊಟ್ಟವರು ಯಾರೋ ಅವರ ಹೆಸರನ್ನೇ ಬರೆಸಿಬಿಟ್ಟೆ: ಗೌರವ್ವ, ನೀಲವ್ವ, ಚಂದ್ರವ್ವ.

ಕೊನೆಯ ಲೀಗ್ ಪಂದ್ಯದಲ್ಲಿ ಸರಸಂಬಾದವರನ್ನು ಸೋಲಿಸಿದೆವು. ಫೈನಲ್ ನಮ್ಮದೇ ಎಂದು ಕುಣಿಯುತ್ತಿದ್ದಾಗ ಚಾಚಾ ಕೊಟ್ಟವರ ಹೆಸರಿನ ಯಾದಿ ಬಿಚ್ಚಿ ನನ್ನತ್ತ ತಿರುಗಿದ.

"ಗೌರವ್ವ ಯಾರ ಬೇ?"

"ಅದಾಳ, ನಮ್ಮ ಓಣ್ಯಾಗ."

"ಈ ಊರಾಗ ನನ್ನ ಬಲ್ಲಿ ಜಂಪರ್ ಹೊಲಿಸದ ಹೆಣ್ಮಗಳು ಒಬ್ಬಾಕಿನೂ ಇಲ್ಲ. ನನ್ನ ಅಳತಿ ಬುಕ್ಕಿನ್ಯಾಗ ಗೌರವ್ವ ಇಲ್ಲ. ನೀಲವ್ವನೂ ಇಲ್ಲ, ಚಂದ್ರವ್ವನೂ ಇಲ್ಲ."

"ಅವ್ರ ಅಳತಿ ನಿನ್ನ ಟೇಪಿಗಿ ಸಾಲಂಗಿಲ್ಲ ಚಾಚಾ."

ಅಷ್ಟರಲ್ಲಿ ನಮ್ಮ ಮನೆಯ ಹಾಲು ಒಯ್ಯುವ ಸರಸಂಬಾದವನು ಕೂಗಿಬಿಟ್ಟ: "ಅವು ಆಯಿ ಎಮ್ಮಿಗೋಳ್ರೀ! ಗೌರವ್ವ ಒದೀತದ ಬ್ಯಾರೆ!"

ಮೈದಾನವೆಲ್ಲ ನಕ್ಕಿತು. ಚಾಚಾ ನಗಲಿಲ್ಲ. ಮೂರು ಎಮ್ಮೆಗೆ ಮೂರು ಅಂಕ ಕತ್ತರಿಸಿದ. ತನ್ನದೇ ಊರು, ತಾನೇ ಹೊಲಿದ ಅಂಗಿ! ಫೈನಲ್ ಆಡುವ ಅವಕಾಶ ಸರಸಂಬಾದವರ ಪಾಲಾಯಿತು. ಮೊಮ್ಮಗ ಎರಡು ದಿನ ಉಣ್ಣಲಿಲ್ಲ. ನಾನು ಸಿಟ್ಟಿಗೆ ಆಳಂದಕ್ಕೆ ಹೋಗಿ ಜಂಪರ್ ಹೊಲಿಸಿದೆ. ಅದನ್ನು ತೊಟ್ಟು ರೊಟ್ಟಿ ಬಡಿಯಲು ಕೈ ಎತ್ತಿದರೆ ಕಂಕುಳ ಹರಿಯಿತು. ಸೋತು ಚಾಚಾನ ಹತ್ತಿರವೇ ಹೋದೆ. ಕಂಕುಳ ಬಿಚ್ಚಿ ಮತ್ತೆ ಹೊಲಿದುಕೊಟ್ಟ.

ಎರಡು ವರ್ಷದ ಹಿಂದೆ ಫೋನಿನಲ್ಲಿ ಅಕ್ಷರ ಒತ್ತಲು ಕಲಿತೆ. ಮೊದಲು ಹುಡುಕಿದ್ದೇ ಆ ಪರದೇಶದ ನಿಯಮ. ಓದಿ ಮೈ ಉರಿಯಿತು. ಸಣ್ಣ ಕ್ಲಬ್ಬು ತಪ್ಪು ಮಾಡಿದರೆ ಅದೇ ವರ್ಷ ಅಂಕ ಹೋಗಿ ಕೆಳಗಿನ ದರ್ಜೆಗೆ ಬೀಳುತ್ತದೆ. ದೊಡ್ಡ ಕ್ಲಬ್ಬಿನ ಮೇಲೆ ಆರೋಪಗಳ ರಾಶಿಯೇ ಇರಲಿ, ವರ್ಷಗಟ್ಟಲೆ ವಿಚಾರಣೆ, ನಡುವೆ ಕಪ್ ಎತ್ತಿ ಮೆರವಣಿಗೆ! ಮಾಲೀಕನ ನಂಟರ ಕಂಪನಿ ಅಂಗಿಯ ಮೇಲೆ ಹೆಸರು ಬರೆಸಿ ಬೇಕಾದಷ್ಟು ಸುರಿಯುತ್ತದೆ, ಅದು ಗಳಿಕೆಯಂತೆ. ಅವೂ ಎಮ್ಮೆಗಳೇ ಅಲ್ಲವೇ? ನನ್ನವಕ್ಕೆ ವಕೀಲರಿರಲಿಲ್ಲ, ಅಷ್ಟೇ ವ್ಯತ್ಯಾಸ.

ಚಾಚಾ ತೀರಿಹೋಗಿ ಒಂದು ವರ್ಷವಾಯಿತು. ಈಗ ಜೋಳಿಗೆಯ ಯಾದಿ ಓದುವವಳು ನಾನು. ಸುಳ್ಳು ಹೆಸರು ಹಿಡಿಯಲು ಸುಳ್ಳು ಬರೆಸಿದವಳೇ ಬೇಕೆಂದು ಅವನೇ ಪಂದ್ಯಾವಳಿಯ ಕಮಿಟಿಗೆ ಹೇಳಿ ಹೋಗಿದ್ದನಂತೆ. ಹೋದ ತಿಂಗಳು ನನ್ನ ತವರು ಅತನೂರಿನ ತಂಡದ ಎರಡು ಅಂಕ ಕತ್ತರಿಸಿದೆ. ಅಣ್ಣನ ಮಕ್ಕಳು ಮಾತು ಬಿಟ್ಟಿದ್ದಾರೆ.

ಚಾಚಾ ಇನ್ನೂ ಇದ್ದಾಗ, ಫೋನಿನಲ್ಲಿ ಆ ಪರದೇಶದ ಸುದ್ದಿ ಓದಿದ ದಿನವೇ, ಸುಮ್ಮನಿರಲಾಗದೆ ಅವನ ಅಂಗಡಿಗೆ ನುಗ್ಗಿದ್ದೆ. ಹೊಲಿಗೆ ಯಂತ್ರದ ಮೇಲೆ ಫೋನು ಇಟ್ಟು, "ನೋಡು, ನಿನ್ನ ದೊಡ್ಡ ನಿಯಮ! ಅಲ್ಲಿ ಆನಿನೇ ದಾಟಿ ಹೋಗ್ಯಾವ. ನೀ ನನ್ನ ಮೂರು ಎಮ್ಮಿ ಬಿಟ್ಟಿದ್ರ ಏನು ಮುಳುಗ್ತಿತ್ತು?" ಎಂದು ಹರಿಹಾಯ್ದೆ.

ಚಾಚಾ ಕೊರಳಿನ ಟೇಪು ತೆಗೆದು ನನ್ನ ಕೈಗೆ ಒಂದು ತುದಿ ಕೊಟ್ಟ. "ಅವ್ರದು ರಬ್ಬರ್ ಟೇಪು ಬೇ, ದೊಡ್ಡವ್ರು ಜಗ್ಗಿದಂಗ ಉದ್ದ ಆಗ್ತದ. ನಂದು ಜಗ್ಗಿ ನೋಡು. ಹರೀತದ, ಉದ್ದ ಆಗಂಗಿಲ್ಲ."